ಬೆಳಗಿನ ಮೊದಲ ಸ್ಟಾರ್ಟ್‌ಗೆ ಹಳೆ ಕಾರು ಮಿಸ್ಸಿಂಗ್ ಹೊಡೆದರೆ: ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕುಂಟುತ್ತದೆ. ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪುವ ಇದನ್ನೇ ಮಿಸ್ಸಿಂಗ್ ಎನ್ನುವುದು. ಬಾನೆಟ್ ನಡುಗುತ್ತದೆ, ಸೈಲೆನ್ಸರಿನಿಂದ ತಾಳ ತಪ್ಪಿದ ಸದ್ದು ಬರುತ್ತದೆ. ಒಂದೆರಡು ನಿಮಿಷ ಕಳೆದರೆ ಎಲ್ಲವೂ ಸರಿ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ಮುಂದೆ ಒಂದಿಷ್ಟೂ ತೊಂದರೆ ಕಾಣಿಸುವುದಿಲ್ಲ. ಆಗ ಶುರುವಾಗುವುದು ಊಹೆಯ ರಿಪೇರಿ. ಮೊದಲು ಪ್ಲಗ್, ಆಮೇಲೆ ಪ್ಲಗ್ ವೈರ್, ಆಮೇಲೆ ಕಾಯಿಲ್, ಆಮೇಲೆ ಫ್ಯೂಯೆಲ್ ಪಂಪ್ ಹೊಸದಾಗುತ್ತವೆ. ಮಿಸ್ಸಿಂಗ್ ಮಾತ್ರ ಹಳೆಯದೇ.

ಈ ದೋಷದ ಸಾಕ್ಷಿ ಇರುವುದು ಮೊದಲ ಒಂದೂವರೆ ನಿಮಿಷದಲ್ಲಿ. ಎಂಜಿನ್ ಬಿಸಿಯಾಗುತ್ತಿದ್ದಂತೆ ಲೋಹ ಹಿಗ್ಗುತ್ತದೆ, ತೇವ ಆರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಹಾಗಾಗಿ ಕಾರು ನಿಂತಲ್ಲೇ, ತಣ್ಣಗಿರುವಾಗಲೇ ಹುಡುಕಬೇಕು. ಒಂದು ಬೆಳಿಗ್ಗೆಗೆ ಒಂದೇ ಪರೀಕ್ಷೆ, ಒಂದೇ ಬದಲಾವಣೆ. ನಾಲ್ಕೈದು ದಿನ ಹಿಡಿಯಬಹುದು, ಆದರೆ ಬೇಡದ ಬಿಡಿಭಾಗಕ್ಕೆ ಹಣ ಹೋಗುವುದಿಲ್ಲ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಮಾರುತಿ 800. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಈ ಕಾರಿನ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಕಾರ್ಬುರೇಟರಿನಲ್ಲೂ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಹಳೆಯ ಸಾಧನ) ಬಂದಿದೆ, ಎಂಪಿಎಫ್‌ಐನಲ್ಲೂ (ಪ್ರತಿ ಸಿಲಿಂಡರಿಗೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದಿದೆ. ಮೂರರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಮೂರನೇ ಒಂದು ಭಾಗ ಶಕ್ತಿಯೇ ಹೋದಂತೆ. ಅದಕ್ಕೇ ಅಷ್ಟೊಂದು ನಡುಕ. ವಿಧಾನ ಮಾತ್ರ ಝೆನ್, ಎಸ್ಟೀಮ್, ಸ್ಯಾಂಟ್ರೋದಂಥ ಆ ಕಾಲದ ಯಾವ ಪೆಟ್ರೋಲ್ ಕಾರಿಗೂ ಒಂದೇ.

ತಣ್ಣಗಿನ ಎಂಜಿನ್‌ಗೆ ಏನು ಕಷ್ಟ

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಉರಿಯುತ್ತದೆ. ತಣ್ಣನೆಯ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆ) ಅದರ ಬಹುಪಾಲು ಗೋಡೆಗೆ ಅಂಟಿ ಒದ್ದೆಯಾಗಿಯೇ ಉಳಿಯುತ್ತದೆ. ಅದಕ್ಕಾಗಿಯೇ ಕಾರ್ಬುರೇಟರ್ ಗಾಡಿಯಲ್ಲಿ ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆಯುವುದು, ಎಂಪಿಎಫ್‌ಐ ಗಾಡಿಯಲ್ಲಿ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಸ್ಪಾರ್ಕ್ ಬಡವಾಗುತ್ತದೆ. ಪಿಸ್ಟನ್ ರಿಂಗ್‌ಗಳ ಮೇಲೆ ಎಣ್ಣೆ ಇನ್ನೂ ಸರಿಯಾಗಿ ಹರಡಿರುವುದಿಲ್ಲ, ಕಂಪ್ರೆಷನ್ (ಸಿಲಿಂಡರಿನಲ್ಲಿ ಪಿಸ್ಟನ್ ಒತ್ತಿದ ಗಾಳಿಯ ಒತ್ತಡ) ಸೋರುತ್ತದೆ. ಬಿಸಿ ಎಂಜಿನ್ ಸಹಿಸಿಕೊಳ್ಳುವ ಸಣ್ಣ ಊನ ತಣ್ಣಗಿರುವಾಗ ಎದ್ದು ಕಾಣುವುದು ಹೀಗೆ.

ನಮ್ಮ ಕಡೆಯ ವಿಷಯಕ್ಕೆ ಬಂದರೆ, ಬೆಂಗಳೂರಿನ ಡಿಸೆಂಬರ್ ಬೆಳಗಿನ 15 ಡಿಗ್ರಿ ಎಂಜಿನ್‌ಗೆ ದೊಡ್ಡ ಚಳಿಯೇನಲ್ಲ. ಮಲೆನಾಡು, ಕೊಡಗು, ಕರಾವಳಿಯಲ್ಲಿ ಕಾಡುವುದು ಚಳಿಗಿಂತ ಹೆಚ್ಚಾಗಿ ತೇವ. ಜುಲೈನಲ್ಲಿ ಮಿಸ್ಸಿಂಗ್ ಹೆಚ್ಚು, ಜನವರಿಯಲ್ಲಿ ಕಡಿಮೆ ಎಂದಾದರೆ ಮೊದಲ ಅನುಮಾನ ಸ್ಪಾರ್ಕ್ ಸಾಗುವ ದಾರಿಯ ಮೇಲೆ. ಜನವರಿಯಲ್ಲೇ ಹೆಚ್ಚು ಎಂದಾದರೆ ಚೋಕ್, ಶಾಖದ ಸೆನ್ಸರ್, ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಇವುಗಳ ಮೇಲೆ.

ಬೇಕಾದ ಸಾಮಾನು

ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್ (ಪ್ಲಗ್‌ಗೆ ತಕ್ಕಂತೆ 16 ಅಥವಾ 21 ಮಿ.ಮೀ.), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಟಾರ್ಚ್, ನೀರು ಸಿಂಪಡಿಸುವ ಸ್ಪ್ರೇ ಬಾಟಲಿ, ದಪ್ಪ ರಬ್ಬರ್ ಕೈಗವಸು. ಕಂಪ್ರೆಷನ್ ಗೇಜನ್ನು ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ತಂದುಕೊಂಡರೆ ಸಾಕು. ಇವುಗಳ ಜೊತೆ ಒಂದು ನೋಟ್‌ಬುಕ್.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಕೋಡ್ ರೀಡರನ್ನು ಹೆಚ್ಚು ನಂಬಬೇಡಿ. ಭಾರತದಲ್ಲಿ ಓಬಿಡಿ (ಗಾಡಿಯೇ ತನ್ನ ದೋಷ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಗುತ್ತ ಬಂದದ್ದು 2010ರ ನಂತರ, ಎರಡನೇ ಹಂತ ಬಂದದ್ದು 2013ರಲ್ಲಿ. ಅದಕ್ಕೂ ಹಿಂದಿನ ಅನೇಕ ಗಾಡಿಗಳಿಗೆ ಮಾರುಕಟ್ಟೆಯ ಅಗ್ಗದ ರೀಡರ್ ಹೊಂದುವುದೇ ಇಲ್ಲ. ಹೊಂದುವ ಗಾಡಿಯಲ್ಲಿ ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು ಎಂದು ತಿಳಿಯಿರಿ. ಕೋಡ್ ಹೇಳುವುದು ಎಲ್ಲಿ ಎಂಬುದನ್ನು ಮಾತ್ರ, ಏಕೆ ಎಂಬುದನ್ನಲ್ಲ.

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಡಿ. ಸೆರಗು, ದುಪ್ಪಟ್ಟಾ, ಟವೆಲ್ ಬೆಲ್ಟ್ ಹತ್ತಿರ ಸುಳಿಯಬಾರದು. ಪ್ಲಗ್ ವೈರಿನಲ್ಲಿ ಹರಿಯುವುದು 20,000 ವೋಲ್ಟ್‌ಗೂ ಹೆಚ್ಚು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ನಿನ ಈ ಭಾಗದ ಹತ್ತಿರ ಬರಲೇಬಾರದು.

ಮೊದಲ ಬೆಳಿಗ್ಗೆ: ಬರೀ ನೋಡಿ

ಕನಿಷ್ಠ ಎಂಟು ಗಂಟೆ ನಿಂತ ಗಾಡಿಯೇ ಆಗಬೇಕು. ಕೀ ತಿರುಗಿಸುವ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 12.6 ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ, ಅದರ ಟರ್ಮಿನಲ್, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಇವನ್ನು ಮೊದಲು ಸರಿಮಾಡಿ. ಅದಕ್ಕೂ ಮುಂಚೆ ಮಾಡುವ ಉಳಿದ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ.

ಸ್ಟಾರ್ಟ್ ಆದಮೇಲೆ ಆಕ್ಸಿಲರೇಟರ್ ಮುಟ್ಟಬೇಡಿ. ಮಿಸ್ಸಿಂಗ್ ಎಷ್ಟು ಸೆಕೆಂಡ್ ಇತ್ತು, ಒಂದೇ ಲಯದಲ್ಲಿ ತಪ್ಪುತ್ತಿತ್ತೋ ಅಥವಾ ಅಡ್ಡಾದಿಡ್ಡಿಯೋ, ಹೊಗೆಯ ಬಣ್ಣ ಯಾವುದು, ವಾಸನೆ ಹೇಗಿತ್ತು ಎಂದು ಬರೆದಿಡಿ. ಒಂದೇ ಲಯದಲ್ಲಿ ತಪ್ಪಿದರೆ ದೋಷ ಒಂದು ಸಿಲಿಂಡರಿನದು. ಅಡ್ಡಾದಿಡ್ಡಿಯಾಗಿದ್ದರೆ ಎಲ್ಲಕ್ಕೂ ಸೇರಿದ ಭಾಗದ್ದು, ಅಂದರೆ ಗಾಳಿ ಸೋರಿಕೆ, ಸೆನ್ಸರ್, ಪೆಟ್ರೋಲಿನ ಒತ್ತಡ, ಚೋಕ್ ಇಂಥವು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು. ಮೊದಲ ಕೆಲವು ಸೆಕೆಂಡ್ ಮಾತ್ರ ಬರುವ ನೀಲಿ ಹೊಗೆ ಎಂದರೆ ವಾಲ್ವ್ ಸೀಲ್ ಸವೆದು ರಾತ್ರಿ ಎಣ್ಣೆ ಒಳಗಿಳಿದಿದೆ. ಬಿಳಿ ಹಬೆ ಚಳಿಯಲ್ಲಿ ಸಹಜ. ಆದರೆ ಅದಕ್ಕೆ ಸಿಹಿ ವಾಸನೆಯಿದ್ದು, ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಕೂಲಂಟ್ ಸುಡುತ್ತಿದೆ.

ಎರಡನೇ ಬೆಳಿಗ್ಗೆ: ಯಾವ ಸಿಲಿಂಡರ್?

ಖರ್ಚಿಲ್ಲದ ವಿಧಾನವೊಂದಿದೆ. ಸ್ಟಾರ್ಟ್ ಮಾಡಿ 30–40 ಸೆಕೆಂಡ್ ಬಿಟ್ಟು, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಪ್ರತಿ ಕವಲಿನ ಮೇಲೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಹತ್ತಿರದಲ್ಲಿ ಎರಡೆರಡು ಹನಿ ನೀರು ಬಿಡಿ. ಉರಿಯುತ್ತಿರುವ ಸಿಲಿಂಡರಿನ ಕವಲಲ್ಲಿ ನೀರು ಬೇಗ ಆರುತ್ತದೆ, ಕೈಕೊಟ್ಟದ್ದರಲ್ಲಿ ಒದ್ದೆಯಾಗಿ ಹಾಗೇ ನಿಲ್ಲುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ನಿಖರ. ಇದಕ್ಕೆ ಸಿಗುವುದು ಒಂದೇ ಅವಕಾಶ. ಎರಡು ನಿಮಿಷ ತಡವಾದರೆ ಮೂರೂ ಕವಲು ಬಿಸಿಯಾಗಿರುತ್ತವೆ.

ಹೀಟ್ ಶೀಲ್ಡ್ ಅಡ್ಡ ಬಂದರೆ ಒಂದೊಂದು ಸಿಲಿಂಡರನ್ನು ಕತ್ತರಿಸಿ ನೋಡುವ ಹಳೆಯ ದಾರಿ ಇದ್ದೇ ಇದೆ. ಎಂಪಿಎಫ್‌ಐನಲ್ಲಿ ಇಂಜೆಕ್ಟರಿನ ಕನೆಕ್ಟರ್ ಕಳಚಿ. ಪ್ಲಗ್ ವೈರ್ ಕಿತ್ತರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಕನ್ವರ್ಟರ್ ಇಲ್ಲದ ಕಾರ್ಬುರೇಟರ್ ಗಾಡಿಯಲ್ಲಿ ಪ್ಲಗ್ ವೈರ್ ಎಳೆಯಬಹುದು. ಆದರೆ ಕೈಗವಸು ಹಾಕಿ, ಎಳೆದ ತುದಿಯನ್ನು ಹೆಚ್ಚುವರಿ ಪ್ಲಗ್‌ಗೆ ಸಿಕ್ಕಿಸಿ ಅದರ ಲೋಹವನ್ನು ಎಂಜಿನ್ನಿಗೆ ತಾಗಿಸಿ ಅರ್ಥ್ ಕೊಡಿ. ಕಳಚಿದಾಗ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ಚೆನ್ನಾಗಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಮೂರನೇ ಬೆಳಿಗ್ಗೆ: ಸ್ಟಾರ್ಟ್ ಮಾಡದೆ ಪ್ಲಗ್ ಬಿಚ್ಚಿ

ಬಹಳ ಜನ ಬಿಟ್ಟುಬಿಡುವ ಪರೀಕ್ಷೆ ಇದು. ಗಾಡಿ ಓಡಿಸಿ ಬಂದು ಬಿಚ್ಚಿದ ಪ್ಲಗ್ ನಿನ್ನೆಯ ರಾತ್ರಿ ಏನಾಯಿತೆಂದು ಹೇಳುವುದಿಲ್ಲ. ಕೀ ಮುಟ್ಟದೆ ಮೂರೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಸಾಲಾಗಿಡಿ. ಬಿಚ್ಚುವ ಮೊದಲು ಸುತ್ತಲ ಧೂಳನ್ನು ಗಾಳಿ ಊದಿ ತೆಗೆಯಿರಿ.

ಒಂದೇ ಪ್ಲಗ್‌ನಲ್ಲಿ ಪೆಟ್ರೋಲ್ ವಾಸನೆಯ ಒದ್ದೆ ಇದ್ದರೆ ಆ ಇಂಜೆಕ್ಟರ್ ರಾತ್ರಿ ಸೋರಿದೆ. ಒಂದೇ ಪ್ಲಗ್ ತೊಳೆದಿಟ್ಟಂತೆ ಸ್ವಚ್ಛವಾಗಿದ್ದು, ಅದರ ಮೇಲೆ ನೀರಿನ ಹನಿಯೋ ಕೂಲಂಟಿನ ಬಣ್ಣವೋ ಕಂಡರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವೆ ಸೋರದಂತೆ ತಡೆಯುವ ಹಾಳೆ) ಹೋಗಿದೆ. ಎಣ್ಣೆಯ ಕಪ್ಪು ಅಂಟು ಇದ್ದರೆ ವಾಲ್ವ್ ಸೀಲ್ ಅಥವಾ ರಿಂಗ್. ಎಲ್ಲ ಪ್ಲಗ್‌ಗಳಲ್ಲೂ ಒಣ ಕಪ್ಪು ಮಸಿ ಇದ್ದರೆ ಮಿಶ್ರಣ ದಪ್ಪವಾಗಿದೆ, ಅಂದರೆ ಪೆಟ್ರೋಲ್ ಹೆಚ್ಚಾಗಿದೆ. ತಿಳಿ ಕಂದು ಬಣ್ಣ ಇದ್ದರೆ ಪ್ಲಗ್ ಆರೋಗ್ಯವಾಗಿದೆ.

ಬಿಳಿ ಪಿಂಗಾಣಿಯ ಮೇಲೆ, ಲೋಹ ಸೇರುವ ಜಾಗದಲ್ಲಿ ಕಂದು ಉಂಗುರ ಕಂಡರೆ ಗಾಬರಿ ಬೇಡ, ಅದು ಕಲೆ ಅಷ್ಟೇ. ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್ ಎಳೆದಂತೆ ಸಣ್ಣ ಕಪ್ಪು ಗೆರೆ ಇದ್ದರೆ ಮಾತ್ರ ಆ ಪ್ಲಗ್ ಹೋಗಿದೆ. ಸ್ಪಾರ್ಕ್ ತುದಿಗೆ ಹೋಗದೆ ಆ ಗೆರೆಯ ಮೇಲೆ ಹರಿದು ಅರ್ಥ್ ಆಗುತ್ತಿರುತ್ತದೆ. ಅದೇ ಗುರುತು ರಬ್ಬರ್ ಕ್ಯಾಪಿನ ಒಳಗೂ ಬಿದ್ದಿರುತ್ತದೆ. ಹೊಸ ಪ್ಲಗ್ ಹಾಕಿ ಹಳೆಯ ಕ್ಯಾಪ್ ಉಳಿಸಿದರೆ ಬೇಗನೆ ಹೊಸ ಪ್ಲಗ್ ಮೇಲೂ ಗೆರೆ ಬೀಳುತ್ತದೆ.

ಪ್ಲಗ್‌ನ ತುದಿಯಲ್ಲಿ ಸ್ಪಾರ್ಕ್ ಹಾರುವ ಗ್ಯಾಪ್ ಅಳೆಯಿರಿ. ಕಾರ್ಬುರೇಟರ್ ಕಾಲದ ಗಾಡಿಗೆ ಸಾಮಾನ್ಯವಾಗಿ 0.7–0.8 ಮಿ.ಮೀ., ಎಂಪಿಎಫ್‌ಐ ಗಾಡಿಗಳಿಗೆ 1.0–1.1ರವರೆಗೆ. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಮತ್ತೆ ಹಾಕುವಾಗ ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರ್. ಹೊಸ ಪ್ಲಗ್‌ಗೆ ಇನ್ನರ್ಧ ಸುತ್ತು, ಹಳೆಯದಕ್ಕೆ ತುಸುವೇ ಸಾಕು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ಪ್ಲಗ್‌ನ ಹಲವು ಪಟ್ಟು ಖರ್ಚು.

ಸ್ಪಾರ್ಕ್ ಸಾಗುವ ದಾರಿ

ಮುಂಜಾನೆ ಕತ್ತಲಿರುವಾಗಲೇ ಬಾನೆಟ್ ತೆಗೆದು ಸ್ಟಾರ್ಟ್ ಮಾಡಿ. ಪ್ಲಗ್ ವೈರ್, ಕಾಯಿಲ್, ಡೆಲ್ಕೋ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್) ಮೇಲೆ ಮಂಜಿನಷ್ಟು ತೆಳುವಾಗಿ ನೀರು ಸಿಂಪಡಿಸಿ. ನೀಲಿ ಕಿಡಿ ಹರಿದಾಡಿದರೆ, ಟಿಕ್ ಟಿಕ್ ಸದ್ದು ಬಂದರೆ, ಸಿಂಪಡಿಸಿದ ಕೂಡಲೇ ಮಿಸ್ಸಿಂಗ್ ಹೆಚ್ಚಿದರೆ ಸೋರಿಕೆಯ ಜಾಗ ಸಿಕ್ಕಿತು.

ಎಂಜಿನ್ ನಿಲ್ಲಿಸಿ ಒಂದೊಂದೇ ವೈರ್ ತೆಗೆದು ಮೀಟರಿನಲ್ಲಿ ಅಳೆಯಿರಿ. ಕಾರ್ಬನ್ ಎಳೆಯ ವೈರ್ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ತೋರಿಸುತ್ತದೆ. ನಿಮ್ಮದು ಅರ್ಧ ಮೀಟರ್ ಇದ್ದರೆ ಅದರ ಅರ್ಧ. ಅಂಕಿಗಿಂತ ಮುಖ್ಯವಾದದ್ದು ಹೋಲಿಕೆ. ಎರಡು ವೈರ್ 6 ಕಿಲೋ ಓಮ್ ತೋರಿಸಿ ಮೂರನೆಯದು 40 ತೋರಿಸಿದರೆ, ಅಥವಾ ಬಾಗಿಸಿದಾಗ ಅಂಕಿ ಜಿಗಿದಾಡಿದರೆ ಬದಲಾಯಿಸಿ.

ಡೆಲ್ಕೋ ಇರುವ ಗಾಡಿಯಲ್ಲಿ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ಬಿಳಿ ಪುಡಿ, ಕೂದಲೆಳೆಯ ಬಿರುಕು, ಕಪ್ಪು ಗೆರೆ, ನಡುವಿನ ಕಾರ್ಬನ್ ಕಡ್ಡಿ ಸವೆದಿರುವುದು, ರೋಟರಿನ ತುದಿ ಸುಟ್ಟಿರುವುದು ಇವನ್ನು ಹುಡುಕಿ. ತೇವ ಮಾತ್ರ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಕ್ಯಾಪಿನ ಸೀಲ್ ಹೊಸದು ಹಾಕಿ. ಬಿರುಕಿಗೆ ಅಂಟು ಹಚ್ಚಿ ಪ್ರಯೋಜನವಿಲ್ಲ. ತೀರಾ ಹಳೆಯ ಪಾಯಿಂಟ್ ಗಾಡಿಯಾದರೆ (ಕಾಯಿಲಿನ ಕರೆಂಟ್ ಕಡಿಯುವ ಲೋಹದ ಸಂಪರ್ಕವೇ ಪಾಯಿಂಟ್) ಪಾಯಿಂಟ್ ಗ್ಯಾಪ್ 0.4–0.5 ಮಿ.ಮೀ. ಇರಲಿ. ಪಾಯಿಂಟ್ ಮೇಲೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಬೆಳೆದಿದ್ದರೆ ಕಂಡೆನ್ಸರನ್ನೂ ಜೊತೆಗೇ ಬದಲಾಯಿಸಿ.

ಗಟ್ಟಿ ಪುರಾವೆ ಸಿಗದಿದ್ದರೆ ಅದಲುಬದಲು ಮಾಡಿ. ಎರಡನೇ ಸಿಲಿಂಡರ್ ಕೈಕೊಡುತ್ತಿದ್ದರೆ ಅದರ ಪ್ಲಗ್ ತೆಗೆದು ಒಂದನೆಯದಕ್ಕೆ, ಒಂದನೆಯದರದ್ದು ಎರಡಕ್ಕೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮಿಸ್ಸಿಂಗ್ ಒಂದನೆಯದಕ್ಕೆ ಬಂದಿದ್ದರೆ ದೋಷ ಪ್ಲಗ್‌ನದು. ಎರಡರಲ್ಲೇ ಉಳಿದರೆ ಮರುದಿನ ವೈರ್, ಅದರ ಮರುದಿನ ಇಂಜೆಕ್ಟರ್. ಪ್ಲಗ್, ವೈರ್ ಎರಡನ್ನೂ ಒಂದೇ ರಾತ್ರಿ ಬದಲಿಸಿದರೆ ಉತ್ತರ ಸಿಗುವುದಿಲ್ಲ. ವೈರ್ ಅದಲುಬದಲು ಮಾಡುವಾಗ ಎರಡೂ ತುದಿ ಕಳಚಿ ವೈರನ್ನೇ ಬದಲಿಸಬೇಕು. ಮಾರುತಿ 800ರ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-2, ಅದು ತಪ್ಪಬಾರದು.

ಪೆಟ್ರೋಲ್

ಎಂಪಿಎಫ್‌ಐ ಗಾಡಿಯಲ್ಲಿ ಸುಲಭದ ಸುಳಿವು: ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಡಿ, ಆಫ್ ಮಾಡಿ. ಹೀಗೆ ಮೂರು ಸಲ. ಪ್ರತಿ ಸಲ ಹಿಂದಿನ ಸೀಟಿನ ಕೆಳಗಿಂದ ಪಂಪ್ ಗುಂಯ್‌ಗುಟ್ಟುವುದು ಕೇಳಿಸಬೇಕು. ಆಮೇಲೆ ಸ್ಟಾರ್ಟ್ ಮಾಡಿದಾಗ ಮಿಸ್ಸಿಂಗ್ ಇಲ್ಲವೆಂದರೆ ರಾತ್ರಿ ಲೈನಿನ ಒತ್ತಡ ಇಳಿದುಹೋಗುತ್ತಿದೆ. ಒಂದೋ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಇಲ್ಲವೇ ಸೋರುವ ಇಂಜೆಕ್ಟರ್. ಎರಡರ ನಡುವೆ ತೀರ್ಪು ಹೇಳುವುದು ಮೂರನೇ ಬೆಳಗಿನ ಒದ್ದೆ ಪ್ಲಗ್. ಇಂಜೆಕ್ಟರಿನ ಎರಡು ಪಿನ್ ನಡುವೆ ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ. ಆದರೆ ಓಮ್ ಸರಿ ಇದ್ದ ಮಾತ್ರಕ್ಕೆ ಇಂಜೆಕ್ಟರ್ ಸೋರುತ್ತಿಲ್ಲ ಎಂದಲ್ಲ.

ಶಾಖದ ಸೆನ್ಸರ್ ಬಗ್ಗೆ ಗಮನ ಕೊಡಲೇಬೇಕು. ಎಂಜಿನ್ ಎಷ್ಟು ತಣ್ಣಗಿದೆ ಎಂದು ಇಸಿಎಂಗೆ ಹೇಳುವುದು ಇದೇ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಾಗಿ ಆಡುತ್ತಿದೆ ಎಂದು ಇದನ್ನು ಬಿಟ್ಟುಬಿಡಬೇಡಿ, ಮುಳ್ಳಿಗೆ ಅನೇಕ ಗಾಡಿಗಳಲ್ಲಿ ಬೇರೆ ಸೆನ್ಸರ್ ಇರುತ್ತದೆ. ಈ ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 0.3 ಕಿಲೋ ಓಮ್ ತೋರಿಸುತ್ತದೆ. ತಣ್ಣನೆಯ ಬೆಳಿಗ್ಗೆ ಅದು 1 ಕಿಲೋ ಓಮ್‌ಗಿಂತ ಕಡಿಮೆ ತೋರಿಸಿದರೆ ಎಂಜಿನ್ ಆಗಲೇ ಬಿಸಿಯಾಗಿದೆ ಎಂದು ಸುಳ್ಳು ಹೇಳುತ್ತಿದೆ. ಇಸಿಎಂ ಪೆಟ್ರೋಲ್ ಕಡಿಮೆ ಮಾಡುತ್ತದೆ, ಎಂಜಿನ್ ಕೆಮ್ಮುತ್ತದೆ.

ಕಾರ್ಬುರೇಟರ್ ಗಾಡಿಯಲ್ಲಿ ಏರ್ ಫಿಲ್ಟರಿನ ಮುಚ್ಚಳ ತೆಗೆದು ಒಬ್ಬರು ಚೋಕ್ ಗುಂಡಿ ಎಳೆಯಲಿ. ಚೋಕ್ ತಟ್ಟೆ ಪೂರ್ತಿ ಮುಚ್ಚಬೇಕು. ಅರ್ಧಕ್ಕೇ ನಿಂತರೆ ಕೇಬಲ್ ಹಿಗ್ಗಿದೆ. ಸ್ಟಾರ್ಟ್ ಆದ ಕೂಡಲೇ ವ್ಯಾಕ್ಯೂಮ್ ಡಯಾಫ್ರಮ್ ತಟ್ಟೆಯನ್ನು ತುಸು ತೆರೆಯಬೇಕು. ತೆರೆಯದಿದ್ದರೆ ಪೆಟ್ರೋಲ್ ತುಂಬಿ ಕಪ್ಪು ಹೊಗೆ ಬರುತ್ತದೆ. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರವಾದ ಸ್ಲೋ ಜೆಟ್ ಕಟ್ಟಿಕೊಂಡರೆ ಎಂಜಿನ್ ಐಡ್ಲಿಂಗ್‌ನಲ್ಲಿ ಆರಿಹೋಗುತ್ತದೆ. ಅದನ್ನು ತಂತಿ ತೂರಿಸಿ ಚುಚ್ಚಬೇಡಿ, ಕಾರ್ಬ್ ಕ್ಲೀನರ್ ಮತ್ತು ಗಾಳಿಯಲ್ಲೇ ಸ್ವಚ್ಛಮಾಡಿ.

ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಆವಿಯಾಗಲು ಹೆಚ್ಚು ಶಾಖ ಬೇಡುತ್ತದೆ, ತೇವ ಹೀರಿಕೊಳ್ಳುತ್ತದೆ, ಜೆಟ್ ಅಳತೆ ಬದಲಾಗದ ಕಾರ್ಬುರೇಟರಿನಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತದೆ. ವಾರಗಟ್ಟಲೆ ನಿಲ್ಲುವ ಹಳೆ ಗಾಡಿಯಾದರೆ ಟ್ಯಾಂಕಿನ ತಳದಿಂದ 200 ಮಿ.ಲೀ. ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ.

ಗಾಳಿ ಸೋರಿಕೆ

ತಣ್ಣಗಿರುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸಂದು ಬಿಡುತ್ತದೆ, ಬಿಸಿಯಾದಾಗ ಮುಚ್ಚಿಕೊಳ್ಳುತ್ತದೆ. ಸ್ಟಾರ್ಟ್ ಆದ ಕೂಡಲೇ ಗ್ಯಾಸ್ಕೆಟ್ ಸುತ್ತ, ವ್ಯಾಕ್ಯೂಮ್ ಪೈಪ್‌ಗಳ ತುದಿಗೆ, ಬ್ರೇಕ್ ಬೂಸ್ಟರ್ ಪೈಪ್‌ಗೆ ಸ್ವಲ್ಪ ನೀರು ಸಿಂಪಡಿಸಿ. ಒಂದು ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಒಂದು ಕ್ಷಣ ನೆಟ್ಟಗಾದರೆ ಅಲ್ಲೇ ಸೋರಿಕೆ. ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿಯೂ ಉಂಟು. ಆದರೆ ಸ್ಪಾರ್ಕ್ ಸೋರುತ್ತಿರಬಹುದಾದ ಹಳೆ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ಬೇಡ.

ವ್ಯಾಕ್ಯೂಮ್ ಗೇಜ್ ಬಳಸುವವರು ಎತ್ತರ ಮರೆಯಬಾರದು. ಮಂಗಳೂರಿನಲ್ಲಿ 18–20 ಇಂಚು (ಪಾದರಸದ ಅಳತೆ) ತೋರಿಸುವ ಆರೋಗ್ಯವಂತ ಎಂಜಿನ್, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆಯೇ ತೋರಿಸುತ್ತದೆ. ಅದು ದೋಷವಲ್ಲ.

ಟ್ಯಾಪೆಟ್ ಮತ್ತು ಕಂಪ್ರೆಷನ್

ಎಲ್ಲ ಬದಲಿಸಿದರೂ ಹೋಗದ ಬೆಳಗಿನ ಮಿಸ್ಸಿಂಗ್‌ಗೆ ಹೆಚ್ಚಾಗಿ ಕಾರಣವಾಗಿಯೂ ಯಾರ ಕಣ್ಣಿಗೂ ಬೀಳದಿರುವುದು ಬಿಗಿಯಾದ ಟ್ಯಾಪೆಟ್. ಅಲ್ಯೂಮಿನಿಯಂ ಹೆಡ್ ಬಿಸಿಯಾದಾಗ ಉಕ್ಕಿನ ವಾಲ್ವ್‌ಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಈ ಎಂಜಿನ್ನಿನಲ್ಲಿ ತಣ್ಣಗಿದ್ದಾಗ ಸುಮಾರು 0.15 ಮಿ.ಮೀ. ಇರುವ ಸಂದು ಬಿಸಿಯಾದಾಗ ಸುಮಾರು 0.25 ಆಗುತ್ತದೆ. ವಾಲ್ವ್ ಸೀಟ್ ಸವೆದು ಸಂದು ಸೊನ್ನೆಗೆ ಬಂದರೆ ತಣ್ಣಗಿರುವಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಬಿಸಿಯಾದಾಗ ಸಂದು ತೆರೆದು ವಾಲ್ವ್ ಕೂರುತ್ತದೆ, ಮಿಸ್ಸಿಂಗ್ ಮಾಯ. ಎಲ್‌ಪಿಜಿ, ಸಿಎನ್‌ಜಿ ಹಾಕಿಸಿದ ಗಾಡಿಗಳಲ್ಲಿ ಸೀಟ್ ಬೇಗ ಸವೆಯುವುದರಿಂದ ಅವುಗಳಲ್ಲಿ ಇದನ್ನು ಮೊದಲೇ ನೋಡಿ.

ಅದಕ್ಕೇ ಕಂಪ್ರೆಷನ್ನನ್ನು ಎರಡು ಸಲ ಅಳೆಯಬೇಕು, ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಇನ್ನೊಮ್ಮೆ. ಎಲ್ಲ ಪ್ಲಗ್ ತೆಗೆಯಿರಿ. ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಇಂಥ ಎಂಜಿನ್ ಸಮುದ್ರಮಟ್ಟದಲ್ಲಿ ಬಿಸಿಯಿದ್ದಾಗ 170ರಿಂದ 190 ಪಿಎಸ್‌ಐ ಕೊಡಬೇಕು. ಬೆಂಗಳೂರಿನಲ್ಲಿ ಹತ್ತನೇ ಒಂದು ಭಾಗ ಕಡಿಮೆ. ಸಿಲಿಂಡರ್‌ಗಳ ನಡುವೆ 14 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತಣ್ಣಗಿದ್ದಾಗ ಒಂದೇ ಸಿಲಿಂಡರ್ 90, ಬಿಸಿಯಾದಾಗ ಅದೇ 160 ಎಂದರೆ ಟ್ಯಾಪೆಟ್ ಬಿಗಿ ಎಂದೇ ಲೆಕ್ಕ. ಎರಡೂ ಸಲ ಕಡಿಮೆ ಇದ್ದರೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ.

ಟ್ಯಾಪೆಟ್ ಸೆಟ್ಟಿಂಗ್ ರಾತ್ರಿಯಿಡೀ ತಣಿದ ಎಂಜಿನ್ ಮೇಲೆ ಮಾಡಬೇಕು. ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತನ್ನಿ. ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲವಾಗಿ ಅಲುಗಬೇಕು. ಲಾಕ್‌ನಟ್ ಸಡಿಲಿಸಿ ಗೇಜ್ ತುಸು ಬಿಗಿಯಾಗಿ ಜಾರುವಂತೆ ಸ್ಕ್ರೂ ತಿರುಗಿಸಿ, ನಟ್ ಬಿಗಿದಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸಂದು ಬದಲಾಗುವುದುಂಟು. ಅಲ್ಲಿಂದ ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ಮೂರನೆಯದು, ಇನ್ನೂ 240ಕ್ಕೆ ಎರಡನೆಯದು. ಸಂದೇಹ ಬಂದರೆ ತುಸು ಸಡಿಲವೇ ಇರಲಿ. ಸಡಿಲ ಟ್ಯಾಪೆಟ್ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ, ಬಿಗಿಯಾದದ್ದು ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಕೂಲಂಟ್ ಒಳಗಿಳಿಯುತ್ತಿದ್ದರೆ

ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದೆ, ಹೊರಗೆಲ್ಲೂ ಸೋರಿಕೆ ಇಲ್ಲ, ಬೆಳಿಗ್ಗೆ ಹತ್ತಿಪ್ಪತ್ತು ಸೆಕೆಂಡ್ ಮಾತ್ರ ಮಿಸ್ಸಿಂಗ್ ಎಂದರೆ ಪ್ರೆಷರ್ ಟೆಸ್ಟರ್ ತರಿಸಿ. ರಾತ್ರಿ ರೇಡಿಯೇಟರಿಗೆ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ, ಸಾಮಾನ್ಯವಾಗಿ 0.9 ಬಾರ್, ಕೊಟ್ಟು ಬಿಡಿ. ಬೆಳಿಗ್ಗೆ ಪ್ಲಗ್ ತೆಗೆದು, ಕಾಯಿಲ್ ಕನೆಕ್ಟರ್ ಕಳಚಿ ಸೆಲ್ಫ್ ಹೊಡೆದಾಗ ರಂಧ್ರದಿಂದ ನೀರು ಚಿಮ್ಮಿದರೆ ಹೆಡ್ ಇಳಿಸಲೇಬೇಕು. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಪ್ಲಗ್ ಹಾಕಿದ ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳನ್ನು ಸುರಿದರೆ ಹೀಟರಿನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ಗ್ಯಾಸ್ ಗಾಡಿಗಳಿಗೆ

ಎಲ್‌ಪಿಜಿ, ಸಿಎನ್‌ಜಿಯಲ್ಲೇ ಸದಾ ಓಡುವ ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಇಂಜೆಕ್ಟರ್ ಕೆಲಸವಿಲ್ಲದೆ ಅಂಟು ಕಟ್ಟುತ್ತದೆ. ಬೆಳಿಗ್ಗೆ ಪೆಟ್ರೋಲ್‌ನಲ್ಲಿ ಮಿಸ್ಸಿಂಗ್, ಗ್ಯಾಸ್‌ಗೆ ತಿರುಗಿದ ಕೂಡಲೇ ಸರಿ ಎಂದಾದರೆ ಇಂಜೆಕ್ಟರುಗಳನ್ನು ಬಿಚ್ಚಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡಿಸಿ. ಆಮೇಲೆ ದಿನಕ್ಕೆ ಮೂರ್ನಾಲ್ಕು ಕಿಲೋಮೀಟರಾದರೂ ಪೆಟ್ರೋಲ್‌ನಲ್ಲಿ ಓಡಿಸಿ. ಟ್ಯಾಂಕಿನಲ್ಲಿ ಆರು ತಿಂಗಳ ಹಳೆಯ ಪೆಟ್ರೋಲ್ ಇರಬಾರದು.

ರಿಪೇರಿ ಆದಮೇಲೆ

ಒಂದು ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಯಿತೆಂದು ನೋಟ್‌ಬುಕ್ ಮುಚ್ಚಬೇಡಿ. ಸತತ ಮೂರು ಬೆಳಿಗ್ಗೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ ನೋಡಿ. ಸ್ಪಾರ್ಕಿನ ದೋಷವಾಗಿದ್ದರೆ ಒಂದು ಮಳೆಯ ರಾತ್ರಿ ಹೊರಗೆ ನಿಲ್ಲಿಸಿದ ಮೇಲೂ ನೋಡಿ. 500 ಕಿಲೋಮೀಟರ್ ಓಡಿದ ನಂತರ ಕೈಕೊಟ್ಟಿದ್ದ ಸಿಲಿಂಡರಿನ ಪ್ಲಗ್ ಬಿಚ್ಚಿ ಉಳಿದೆರಡರ ಪಕ್ಕದಲ್ಲಿಡಿ. ಮೂರರ ಬಣ್ಣವೂ ಒಂದೇ ತಿಳಿ ಕಂದು ಆಗಿರಬೇಕು. ಆ ಒಂದು ಪ್ಲಗ್ ಮಾತ್ರ ಇನ್ನೂ ಬೇರೆ ಬಣ್ಣದ್ದಾಗಿದ್ದರೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕದೆ ಉಳಿದ ಮುಂದಿನ ಪರೀಕ್ಷೆಯಿಂದ ಮತ್ತೆ ಹಿಡಿಯಿರಿ.